ಆಟದಂಗಡಿಯಲ್ಲಿ ಹೇಳಿದ ಸುಳ್ಳು

ನನ್ನ ಬಾಯಿ ಕೆಟ್ಟದ್ದು. ಇದನ್ನು ಅತ್ತೆ ಹೇಳುತ್ತಿದ್ದರು, ಗಂಡ ಹೇಳುತ್ತಿದ್ದ, ಈಗ ನಾನೇ ಒಪ್ಪಿಕೊಳ್ಳುತ್ತೇನೆ. ಆದರೆ ಆ ಬಾಯಿ ಇಲ್ಲದಿದ್ದರೆ ಸಿಂಧನೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಹೆಂಗಸೊಬ್ಬಳು ವಿಡಿಯೋ ಗೇಮಿನ ಅಂಗಡಿ ನಡೆಸುವುದು ಸಾಧ್ಯವಿತ್ತೇ? ತೊಂಬತ್ತರ ದಶಕದ ಮಾತು. ಲಾರಿ ಓಡಿಸುತ್ತಿದ್ದ ನನ್ನ ಗಂಡ ಹೈದರಾಬಾದಿನಲ್ಲಿ ಅಕ್ಕಿ ಇಳಿಸಿ ಬರುವಾಗ ಎರಡು ಹಳೆಯ ಆಟದ ಪೆಟ್ಟಿಗೆ ಹೇರಿಕೊಂಡು ಬಂದ. ಎದೆಮಟ್ಟದ ಕಟ್ಟಿಗೆಯ ಪೆಟ್ಟಿಗೆ, ನಡುವೆ ಟಿವಿಯಂಥ ಗಾಜು, ಕೆಳಗೆ ಒಂದು ಹಿಡಿ, ಒಂದು ಕೆಂಪು ಗುಂಡಿ. ಗಾಜಿನ ತುಂಬ ಕಪ್ಪು ಆಕಾಶ. ಮೇಲಿಂದ ಹುಳುಗಳಂಥ ಹಡಗುಗಳು ಸಾಲು ಕಟ್ಟಿ ಓಲಾಡುತ್ತ ಇಳಿಯುತ್ತವೆ, ಕೆಳಗಿರುವ ನಮ್ಮ ಪುಟ್ಟ ವಿಮಾನ ಅತ್ತಿತ್ತ ಸರಿದು ಅವನ್ನು ಹೊಡೆಯಬೇಕು.

"ಏನ್ ಮಣ್ಣೈತ್ರಿ ಇದರಾಗ?" ಎಂದಿದ್ದೆ ಗಂಡನಿಗೆ. ಹದಿನೈದು ದಿನ ಕಳೆಯುವುದರೊಳಗೆ ಬಾಗಿಲಾಚೆ ಸಾಲು ಹಚ್ಚಿದರು. ಬಸ್ಸಿನ ಕ್ಲೀನರುಗಳು, ಕಾಲೇಜಿನವರು, ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ಸೈಕಲ್ ತುಳಿದು ಬರುವ ಬಂಗಾಲಿಗಳು, ಎಲ್ಲರಿಗೂ ಅದರದೇ ಹುಚ್ಚು.

ಪೆಟ್ಟಿಗೆ ಕೆಟ್ಟರೆ ಬಿಚ್ಚಿ ಸರಿ ಮಾಡುತ್ತಿದ್ದವನು ನನ್ನ ಮೈದುನ, ಗಂಡನ ತಮ್ಮ. ಇಪ್ಪತ್ತಾರರ ಪ್ರಾಯ, ಗಟ್ಟಿಮುಟ್ಟಾದ ಹುಡುಗ. ಚಿಕ್ಕಂದಿನಲ್ಲಿ ಜ್ವರ ಬಂದು ಅವನ ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಅರ್ಧ. ಮಾತಾಡುವವರ ತುಟಿ ನೋಡಿಯೇ ಮುಕ್ಕಾಲು ತಿಳಿದುಕೊಳ್ಳುತ್ತಿದ್ದ. ಆ ಆಟದಲ್ಲಿ ಅವನನ್ನು ಮೀರಿಸಿದವರನ್ನು ನಾನು ಕಾಣಲಿಲ್ಲ. ಉಳಿದವರೆಲ್ಲ ಸದ್ದು ನಂಬಿ ಆಡುತ್ತಿದ್ದರು. ದೊಡ್ಡ ಹಡಗು ಬರುವ ಮೊದಲು ಪೆಟ್ಟಿಗೆ ಊಳಿಡುತ್ತಿತ್ತು, ಆಗ ಹುಷಾರಾಗುತ್ತಿದ್ದರು. ಇವನಿಗೆ ಆ ಊಳಿನ ಹಂಗೇ ಇರಲಿಲ್ಲ. ಸಾಲಗುಂದದಲ್ಲಿ ಜೋಳದ ಹೊಲಕ್ಕೆ ಅಟ್ಟಣಿಗೆ ಹಾಕಿ, ಕವಣೆ ಹಿಡಿದು ಹಕ್ಕಿ ಕಾದು ಬೆಳೆದವನು.

"ಹೆಂಗ ಹೊಡಿತೀಯೋ ಇಷ್ಟು?" ಎಂದು ಒಮ್ಮೆ ಕೇಳಿದೆ.

"ಹಕ್ಕಿ ಇದ್ದಲ್ಲಿ ಕಲ್ಲು ಒಗಿಬಾರದು ಅತ್ತಿಗಿ. ಅದು ಬರೋ ಜಾಗಕ್ಕ ಒಗಿಬೇಕು. ಇದೂ ಹಂಗ," ಎಂದ.

ಇಂಥ ಹುಡುಗನಿಗೆ ಹೆಣ್ಣು ಸಿಗುತ್ತಿರಲಿಲ್ಲ. ಎರಡು ಕಡೆ ಕಿವಿಯ ಸುದ್ದಿ ತಿಳಿದದ್ದೇ ತಡ, ಮಾತು ಮುರಿದಿತ್ತು. ಮೂರನೆಯದು ಲಿಂಗಸುಗೂರಿನ ಸಂಬಂಧ. ಹುಡುಗಿಯ ಫೋಟೋ ನೋಡಿದ ದಿನದಿಂದ ಮೈದುನ ದಿನಾ ಗಡ್ಡ ಹೆರೆಯತೊಡಗಿದ. ನಾವು ನಕ್ಕರೆ ಅವನೂ ನಗುತ್ತಿದ್ದ. ಈ ಸಲವೂ ತಪ್ಪಿದರೆ ಹುಡುಗ ಮತ್ತೊಂದು ಹೆಣ್ಣಿಗೆ ಒಪ್ಪುವುದಿಲ್ಲ ಎನ್ನುವುದು ಮನೆಯವರಿಗೆಲ್ಲ ಗೊತ್ತಿತ್ತು.

"ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತಾರ. ನಾವು ಒಂದ ಸುಳ್ಳು ಹೇಳೂಣು," ಎಂದರು ಅತ್ತೆ. ಹುಡುಗಿಯ ತಂದೆ ಭಾನುವಾರ ಮನೆತನ ನೋಡಲು ಬರುತ್ತಾರೆ, ಮೈದುನನನ್ನು ಮೂಲೆಯಲ್ಲಿ ಕೂರಿಸುವುದು, ಕೇಳಿದ್ದಕ್ಕೆಲ್ಲ ನನ್ನ ಗಂಡ ಉತ್ತರ ಕೊಡುವುದು, ತಾಳಿ ಬಿದ್ದ ಮೇಲೆ ನೋಡಿಕೊಂಡರಾಯಿತು ಎಂಬುದು ಅವರ ಲೆಕ್ಕ. "ಇದು ಸರಿ ಅಲ್ಲ ಬಿಡ್ರಿ ಅತ್ತಿ," ಎಂದು ನಾನೇ ಜಗಳ ತೆಗೆದಿದ್ದೆ. ಅವರು ಕೇಳಲಿಲ್ಲ.

ಭಾನುವಾರ ಆ ಹಿರಿಯರು ಹೇಳಿದ್ದಕ್ಕಿಂತ ಒಂದು ಬಸ್ಸು ಮೊದಲೇ ಬಂದಿಳಿದರು. ಮನೆಗೆ ಹೋಗದೆ, ದಾರಿಯಲ್ಲಿ ಕೇಳಿಕೊಂಡು ನೇರ ಅಂಗಡಿಗೆ ಬಂದುಬಿಟ್ಟರು. ಬಿಳಿ ಧೋತರ, ಹಣೆಯ ಮೇಲೆ ವಿಭೂತಿ, ಹೆಗಲ ಮೇಲೆ ಶಲ್ಯ. ಲಿಂಗಸುಗೂರಿನವರೆಂದು ತಾವೇ ಹೇಳಿಕೊಂಡರು. ಒಳಗೆ ಎರಡೂ ಪೆಟ್ಟಿಗೆ ಅರಚುತ್ತಿದ್ದವು. ಮೈದುನ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂತು ಆಡುತ್ತಿದ್ದ, ಸುತ್ತ ಹತ್ತು ಮಂದಿ ಮುಗಿಬಿದ್ದು ನೋಡುತ್ತಿದ್ದರು.

"ಹುಡುಗ ಅವನ ಏನವ್ವಾ?" ಎಂದು ಕೇಳಿ ಅವರು ಕರೆದರು, "ತಮ್ಮಾ! ಏ ತಮ್ಮಾ!"

ಅವನು ತಿರುಗಲಿಲ್ಲ.

ಸರಿ ಅಲ್ಲ ಎಂದು ಜಗಳ ಮಾಡಿದವಳು ನಾನೇ, ಆದರೆ ಬಾಯಿ ಕೇಳಬೇಕಲ್ಲ! "ಅಯ್ಯ, ಈ ಆಟಕ್ಕ ಕುಂತ್ರ ಯಾರಿಗೂ ಕಿವಿ ಕೇಳಂಗಿಲ್ರಿ ಯಜಮಾನ್ರ. ಅವ್ರಪ್ಪ ಬಂದು ಕರೆದ್ರೂ ಏಳಂಗಿಲ್ಲ ಇವ್ರು," ಎಂದೆ. ಅವರು ಹೊಟ್ಟೆ ಕುಲುಕಿಸಿ ನಕ್ಕರು. ನನಗೂ ನಗು ಬಂತು. ಬದುಕಿದೆನಪ್ಪಾ ಎಂದುಕೊಂಡೆ.

ಅಷ್ಟರಲ್ಲಿ ಕರೆಂಟು ಹೋಯಿತು.

ಪೆಟ್ಟಿಗೆಗಳು ತೆಪ್ಪಗಾದವು, ಫ್ಯಾನು ನಿಂತಿತು. "ಹೋ!" ಎಂದು ಒದರಿ ಎಲ್ಲರೂ ಹೊರಗೆ ನಡೆದರು. ಮೈದುನ ಮಾತ್ರ ತಲೆ ತಗ್ಗಿಸಿ ಹಿಡಿಯ ತಿರುಪು ಬಿಗಿ ಮಾಡುತ್ತ ಕೂತ. ಹಿರಿಯರು ಮತ್ತೆ ಕರೆದರು, "ತಮ್ಮಾ." ಅವನು ತಿರುಗಲಿಲ್ಲ. ಇನ್ನೂ ಗಟ್ಟಿಯಾಗಿ ಕರೆದರು. ಇಲ್ಲ. ಅವರ ಮುಖದ ಮೇಲಿನ ನಗು ಇಳಿಯಿತು.

"ನಾಚಿಕಿ ಸ್ವಭಾವ ರೀ ಅವಂದು," ಎಂದೆ. "ಹೆಣ್ಣಿನ ಕಡೆಯವ್ರು ಅಂತ ಗೊತ್ತಾಗ್ಯಾದ, ಅದಕ್ಕ ಹೊಳ್ಳಿ ನೋಡವಲ್ಲ. ಕಿವಿ ಭಾಳ ಚುರುಕು ಅವನವು."

ಅವನು ಆಗಷ್ಟೇ ತಲೆ ಎತ್ತಿದ್ದ. ಆರಿದ ಗಾಜಿನಲ್ಲಿ ಬಾಗಿಲ ಬೆಳಕು ಬಿದ್ದು ಹಿಂದೆ ನಿಂತ ನಾವಿಬ್ಬರೂ ಕನ್ನಡಿಯಲ್ಲಿ ಕಂಡಂತೆ ಕಾಣುತ್ತಿದ್ದೆವು. ನನ್ನ ತುಟಿ ಹೇಳಿದ್ದೆಲ್ಲ ಅವನಿಗೆ ಕಂಡಿತು. ನಿಧಾನ ಎದ್ದು ತಿರುಗಿದ.

"ಯಜಮಾನ್ರ, ಅತ್ತಿಗಿ ಹೇಳಿದ್ದು ಸುಳ್ಳು. ನನಗ ಈ ಕಿವಿ ಪೂರ್ತಿ ಹೋಗ್ಯಾದ, ಇದು ಅರ್ಧ. ಮುಂದ ನಿಂತು ಮಾತಾಡಿದ್ರ ಎಲ್ಲಾ ತಿಳಿತದ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಿರಿಯರು ನನ್ನ ಕಡೆ ತಿರುಗಿದರು. ಸಿಟ್ಟು ಮಾಡಲಿಲ್ಲ.

"ಯವ್ವಾ, ಕಿವಿ ಕೇಳದವಗ ಮಗಳನ್ನ ಕೊಡಬಹುದಿತ್ತು. ನಿಂತ ನಿಲುವಿನ್ಯಾಗ ಸುಳ್ಳು ಹೇಳೋ ಮನಿಗೆ ಹೆಂಗ ಕೊಡ್ಲಿ? ನಾಳೆ ಆಕಿಗೆ ಏನಾರ ಆದ್ರ ನನಗ ಖರೇ ಸುದ್ದಿ ಯಾರು ಹೇಳ್ತಾರ?" ಎಂದು ಶಲ್ಯ ಸರಿ ಮಾಡಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು. ಅವರು ಅಂದದ್ದನ್ನೆಲ್ಲ ಮೈದುನ ಅವರ ತುಟಿ ನೋಡಿ ತಿಳಿದುಕೊಂಡಿದ್ದ.

ಅಂದು ಅವನು ನನಗೆ ಹೇಳಿದ್ದು ಒಂದೇ ಮಾತು. "ಕಿವಿ ಹೋಗ್ಯಾವ ಅಂತ ನನಗ ನಾಚಿಕಿ ಇಲ್ಲ ಅತ್ತಿಗಿ. ನಿಮಗ ಐತೇನು?" ಅತ್ತೆ ಬೈದರು, ಗಂಡ ಬೈದ, ಅವೆಲ್ಲ ಮೈಗೆ ಹತ್ತಲಿಲ್ಲ. ಈ ಮಾತಿಗೆ ಮಾತ್ರ ಅಳು ಬಂತು. ಅವನ ಬಗ್ಗೆ ನನಗೆ ನಾಚಿಕೆ ಇತ್ತೇ? ಇರಲಿಲ್ಲ ಅಂತ ಇಷ್ಟು ವರ್ಷದ ಮೇಲೂ ಆಣೆ ಮಾಡಿ ಹೇಳಲಾರೆ. ಪ್ರೀತಿ ಇತ್ತು, ಅದು ಖರೆ.

ನಾಲ್ಕು ದಿನ ಅವನು ಮಾತು ಬಿಟ್ಟ. ಐದನೆಯ ದಿನ ಅವನ ಎದುರಿಗೆ ಕೂತು, "ತಪ್ಪಾತೋ ಮಾರಾಯಾ," ಎಂದೆ.

"ಇರ್ಲಿ ಬಿಡ್ರಿ," ಎಂದ. "ಇನ್ನ ಮ್ಯಾಲೆ ಬಂದವ್ರಿಗೆ ನಾನ ಹೇಳ್ತೀನಿ. ನೀವು ಚಾ ಮಾಡ್ರಿ, ಸಾಕು."

ಇನ್ನೊಂದು ಹೆಣ್ಣು ನೋಡಲು ಅವನು ಒಪ್ಪುತ್ತಾನೆಂದು ತಿಳಿದದ್ದು ಆಗಲೇ. ಕೆಲವು ತಿಂಗಳಿಗೆ ಮಸ್ಕಿಯಿಂದ ಬಂದರು, ಹುಡುಗಿಯ ತಂದೆ ಮತ್ತು ಅವರ ಇಬ್ಬರು ನೆಂಟರು. ನಾನು ಅಡಿಗೆಮನೆಯಲ್ಲಿ ಒಲೆ ಬಿಟ್ಟು ಏಳಲಿಲ್ಲ. ಪಡಸಾಲೆಯಲ್ಲಿ ಮೈದುನ ತನ್ನ ಕಿವಿಯ ಸುದ್ದಿ ತಾನೇ ಹೇಳಿ ಮುಗಿಸಿದ. ಚಹಾ ಉಕ್ಕಿ ಒಲೆಗೆ ಚೆಲ್ಲಿತು, ನಾನು ನೋಡುತ್ತ ಕೂತೆ. ಕೊನೆಗೆ ಹುಡುಗಿಯ ತಂದೆಯ ದನಿ ಕೇಳಿತು.

"ಅಲ್ಲೋ ತಮ್ಮಾ, ಎಷ್ಟು ಜೋರು ಮಾತಾಡಿದ್ರ ನಿನಗ ಕೇಳ್ತದ? ನಮ್ಮ ಹುಡುಗಿ ದನಿ ಭಾಳ ಸಣ್ಣದೈತಿ."