ದವಡೆಯಣ್ಣನ ಧ್ವನಿ

ನಾನು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿಗೆ ಸೇರಿದಾಗ ನನಗೆ ಕೆಲಸ ಕಲಿಸಿಕೊಟ್ಟವರು ದವಡೆಯಣ್ಣ. ಲ್ಯಾಬು ಎಂದರೆ ದೊಡ್ಡಾಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಗೆ ತಾಗಿಕೊಂಡಿದ್ದ ಒಂದು ಉದ್ದನೆಯ ಕೋಣೆ. ಅವರ ಮೇಜಿನ ಮೇಲೆ ಪ್ಲಾಸ್ಟರಿನ ದವಡೆಗಳು ಬಾಯಿ ಬಿಟ್ಟುಕೊಂಡು ಸಾಲಾಗಿ ಕೂತಿರುತ್ತಿದ್ದವು. ಒಂದೊಂದಕ್ಕೂ ಮೇಣದ ವಸಡು ಕಟ್ಟಿ, ಹಲ್ಲು ಜೋಡಿಸಿ, "ಎಲ್ಲಿ, ಕಚ್ಚಿ ನೋಡೋಣ" ಎಂದು ಅವುಗಳನ್ನು ಮಾತಾಡಿಸುತ್ತಿದ್ದರು. ಮನುಷ್ಯರ ಜತೆ ಮಾತು ಕಡಿಮೆ. ಬಾಯಿ ತೆರೆಯುವ ಮೊದಲು ಗಂಟಲು ಸರಿಮಾಡಿಕೊಂಡು "ಅದೇನಂದ್ರೆ" ಎನ್ನುವರು. ಎಷ್ಟೋ ಸಲ ಅದೇನು ಎಂಬುದನ್ನು ಹೇಳದೆಯೇ ಕೆಲಸಕ್ಕೆ ತಿರುಗುವರು.

ಅವರು ಈ ದೇಶದವರಲ್ಲ. ಇಪ್ಪತ್ತಮೂರನೇ ವಯಸ್ಸಿಗೆ ಬಂದು ಇಪ್ಪತ್ತೆಂಟು ವರ್ಷದಿಂದ ಇಲ್ಲೇ ನೆಲೆನಿಂತಿದ್ದರೂ ಪ್ರತಿ ವರ್ಷ ನಿವಾಸದ ಕಾರ್ಡನ್ನು ಹೊಸದು ಮಾಡಿಸಿಕೊಳ್ಳಬೇಕಿತ್ತು. ಬ್ಯಾಂಕಿನವರು ಅವರ ಖಾತೆಯ ನೆತ್ತಿಯ ಮೇಲೆ 'ಪರದೇಶಿ ನಿವಾಸಿ' ಎಂದು ಬರೆದುಕೊಂಡಿದ್ದರು. ಆ ಮಾತಿಗೆ ಎರಡು ಅರ್ಥವಿದೆ ಎಂದು ಅವರು ಯಾವತ್ತೂ ತಲೆ ಕೆಡಿಸಿಕೊಂಡವರಲ್ಲ.

ವಸಡಿನ ರೋಗ ಬಂದು ಅವರ ಮೇಲ್ಸಾಲಿನ ಹಲ್ಲೆಲ್ಲ ನಲವತ್ತಕ್ಕೇ ಹೋಗಿದ್ದವು. ತಮ್ಮ ಸೆಟ್ಟನ್ನು ತಾವೇ ನಾಲ್ಕು ತಿಂಗಳು ಕೂತು ಮಾಡಿಕೊಂಡಿದ್ದರು. ಅದರಲ್ಲಿ ಒಂದು ಹಲ್ಲನ್ನು ಬೇಕೆಂದೇ ಕೊಂಚ ಓರೆಯಾಗಿ ಕೂರಿಸಿದ್ದರು. "ನೆಟ್ಟಗಿದ್ರೆ ಕಟ್ಟಿಸಿದ್ದು ಅಂತ ಗೊತ್ತಾಗುತ್ತೆ. ದೇವರು ಯಾರಿಗೂ ಸ್ಕೇಲ್ ಇಟ್ಟು ಹಲ್ಲು ಕೊಟ್ಟಿಲ್ಲ" ಎನ್ನುತ್ತಿದ್ದರು.

ಅವರ ಹೆಂಡತಿಯನ್ನು ಲ್ಯಾಬಿನವರೆಲ್ಲ ಅತ್ತಿಗೆ ಎನ್ನುತ್ತಿದ್ದೆವು. ಅತ್ತಿಗೆಗೆ ಶಿಶುವಿಹಾರದಲ್ಲಿ ಕೆಲಸ. ಮೂರು ವರ್ಷದೊಳಗಿನ ಹನ್ನೊಂದು ಮಕ್ಕಳು. ಅವುಗಳನ್ನು ಮಲಗಿಸಬೇಕಾದರೆ ಕಾಗೆ, ಕತ್ತೆ, ರೈಲು, ಸಿಡುಕು ಅಜ್ಜ ಎಲ್ಲದರ ದನಿಯನ್ನೂ ತಾವೇ ತೆಗೆಯಬೇಕು. ಸಂಜೆ ಮನೆಗೆ ಬರುವಷ್ಟರಲ್ಲಿ ಗಂಟಲು ಬಿದ್ದುಹೋಗಿರುತ್ತಿತ್ತು. ಹೀಗಾಗಿ ಹೆಂಡತಿಗೆ ಇಂಥ ವಿದ್ಯೆಯೊಂದು ಇದೆ ಎಂಬುದು ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಗಂಡನಿಗೆ ಗೊತ್ತೇ ಇರಲಿಲ್ಲ.

ಆ ವರ್ಷ ಇಬ್ಬರಿಗೂ ಒಟ್ಟಿಗೆ ಐದು ದಿನ ರಜ ಸಿಕ್ಕಿತು. ಅತ್ತಿಗೆ ಸಮುದ್ರ ನೋಡಬೇಕು ಎಂದರು. ಸಮುದ್ರ ಇದ್ದದ್ದು ಪಕ್ಕದ ದೇಶದಲ್ಲಿ, ಬಸ್ಸಿನಲ್ಲಿ ಒಂದು ಹಗಲಿನ ದಾರಿ.

"ಕೈಯಲ್ಲಿ ಸ್ವಲ್ಪ ದುಡ್ಡು ಇಟ್ಕೊಳ್ಳೋಣ ರೀ" ಎಂದರು ಅತ್ತಿಗೆ.

"ಅದೇನಂದ್ರೆ, ಬ್ಯಾಂಕಿನ ಕಾರ್ಡ್ ಇದೆಯಲ್ಲ" ಎಂದರು ದವಡೆಯಣ್ಣ. ಹೋಗಿಬರುವ ಟಿಕೆಟ್ಟು ತೆಗೆದುಕೊಂಡು ಹೊರಟರು.

ಮೊದಲ ದಿನ ಎಲ್ಲವೂ ಸುಸೂತ್ರ. ರೂಮಿನ ಯಜಮಾನಿ ಕಾರ್ಡು ಉಜ್ಜಿ ಒಂದು ದಿನದ ಬಾಡಿಗೆ ಹಿಡಿದುಕೊಂಡಳು. ಉಳಿದದ್ದನ್ನು ದಿನದಿನಕ್ಕೆ ಕೊಡಿ ಎಂದಳು. ಮಾರನೆಯ ಬೆಳಗ್ಗೆ ಇಬ್ಬರೂ ದಡದ ಬಂಡೆಗಳ ಮೇಲೆ ಕೂತಿದ್ದಾಗ ಒಂದು ತಣ್ಣನೆಯ ಗಾಳಿ ಬೀಸಿತು. ದವಡೆಯಣ್ಣ ಸೀನಿದರು. ಅಂಥ ಸೀನು ಅವರ ಜನ್ಮದಲ್ಲಿ ಬಂದಿರಲಿಲ್ಲವಂತೆ. ಸೆಟ್ಟು ಬಾಯಿಂದ ಹಾರಿ, ಒಂದು ಬಂಡೆಗೆ ಬಡಿದು, ಇನ್ನೊಂದಕ್ಕೆ ಪುಟಿದು, ಎರಡು ಹೋಳಾಗಿ ಬಿತ್ತು. ಅತ್ತಿಗೆ ಚಪ್ಪಲಿ ಬಿಟ್ಟು ಇಳಿದು ಎರಡೂ ಹೋಳನ್ನು ಆರಿಸಿ ತಂದರು.

"ಅಂಗಡೀಲಿ ಗಟ್ಟಿ ಅಂಟು ಸಿಗುತ್ತಲ್ಲ, ಹಚ್ಚಿಬಿಡೋಣ."

ದವಡೆಯಣ್ಣ ಕೈ ಅಡ್ಡ ಹಿಡಿದರು. ಅಂಟು ಹಚ್ಚಿ ಹಾಳುಮಾಡಿಕೊಂಡ ಸೆಟ್ಟನ್ನು ಲ್ಯಾಬಿಗೆ ತಂದವರಿಗೆ ಅವರು ಇಪ್ಪತ್ತೆಂಟು ವರ್ಷದಿಂದ ಬೈಯುತ್ತ ಬಂದಿದ್ದರು. ಈಗ ತಾವೇ ಹಚ್ಚಿದರೆ ಅಷ್ಟು ಬೈಗುಳವನ್ನೂ ವಾಪಸು ತೆಗೆದುಕೊಂಡಂತೆ. ಸರಿ, ಹಲ್ಲಿನ ಡಾಕ್ಟರ ಹತ್ತಿರ ಹೋಗೋಣ ಎಂದು ದುಡ್ಡು ತೆಗೆಯಲು ಎಟಿಎಮ್ಮಿಗೆ ಹೋದರು. 'ನಿಮ್ಮ ಬ್ಯಾಂಕನ್ನು ಸಂಪರ್ಕಿಸಿ' ಎಂದು ಅದು ಕಾರ್ಡನ್ನು ಉಗುಳಿತು.

ರೂಮಿಗೆ ಬಂದು, ಮಂಚದ ಮೇಲೆ ಕೂತು, ಸ್ಪೀಕರ್ ಹಾಕಿ ಬ್ಯಾಂಕಿಗೆ ಫೋನ್ ಮಾಡಿದರು. ಮೊದಲು ಮಾತಾಡಿದ್ದು ಯಂತ್ರ. ಎರಡು ವರ್ಷದ ಹಿಂದೆ ಬ್ಯಾಂಕಿನವರು ಎಲ್ಲರಿಂದ ಒಂದು ವಾಕ್ಯ ಹೇಳಿಸಿ ಧ್ವನಿ ಹಿಡಿದಿಟ್ಟುಕೊಂಡಿದ್ದರು. ಈಗ ಅದನ್ನೇ ಹೇಳಬೇಕು: ನಾನು ನಾನೇ, ನನ್ನ ಧ್ವನಿಯೇ ನನ್ನ ಸಹಿ.

"ನಾನು ನಾನೇ, ನನ್ನ ಜ್ವನಿಯೇ ನನ್ನ ಶಹಿ" ಎಂದರು ದವಡೆಯಣ್ಣ.

"ಕ್ಷಮಿಸಿ. ನೀವು ನೀವಲ್ಲ" ಎಂದಿತು ಯಂತ್ರ.

ಇನ್ನೆರಡು ಸಲ ಹೇಳಿದರು. ಎರಡು ಸಲವೂ ಅವರು ಅವರಾಗಿರಲಿಲ್ಲ. ಆಮೇಲೆ ಒಬ್ಬಳು ಹುಡುಗಿ ಲೈನಿಗೆ ಬಂದಳು. ತಾಯಿಯ ಹೆಸರು, ಮೊದಲು ಬಾಡಿಗೆಗಿದ್ದ ಬೀದಿ, ಸಂಬಳ ಬರುವ ತಾರೀಕು, ಕೇಳಿದ್ದಕ್ಕೆಲ್ಲ ಅವರು ಬೊಚ್ಚು ಬಾಯಲ್ಲೇ ಸರಿಯಾದ ಉತ್ತರ ಕೊಟ್ಟರು.

"ನೀವೇ ಅಂತ ನನಗೆ ಗೊತ್ತಾಗ್ತಿದೆ ಸರ್" ಎಂದಳು ಹುಡುಗಿ. "ಆದ್ರೆ ನನಗೆ ಗೊತ್ತಾದ್ರೆ ಸಾಲದು. ಯಂತ್ರಕ್ಕೆ ಗೊತ್ತಾಗ್ಬೇಕು."

"ಕಾರ್ಡ್ ಯಾಕಮ್ಮ ನಿಂತಿತು?"

"ನೀವು ಪರದೇಶಿ ನಿವಾಸಿ ಸರ್. ಪರದೇಶಿ ನಿವಾಸಿ ದೇಶದಿಂದ ಆಚೆ ಕಾರ್ಡ್ ಉಪಯೋಗಿಸಿದ್ರೆ, ನಿವಾಸ ಮುಗಿಸಿ ಹೊರಟುಹೋದ್ರೇನೋ ಅಂತ ನಾವು ತಿಳ್ಕೊಳ್ತೀವಿ."

"ನಾನು ರಜಕ್ಕೆ ಬಂದಿದ್ದೀನಿ. ಮೂರು ದಿನದಲ್ಲಿ ವಾಪಸು ಬರ್ತೀನಿ."

"ಅದನ್ನ ಇಲ್ಲಿಗೆ ಬಂದು ಹೇಳಿದ್ರೆ ತಕ್ಷಣ ನಂಬ್ತೀವಿ ಸರ್."

ನಾಳೆ ಇನ್ನೂ ಮೂರು ಸಲ ಪ್ರಯತ್ನಿಸಬಹುದು, ಅದೂ ತಪ್ಪಿದರೆ ದೇಶ ಬಿಟ್ಟುಹೋದವರ ಪಟ್ಟಿಗೆ ಖಾತೆ ಸೇರುತ್ತದೆ ಎಂದು ಹೇಳಿ, ಪ್ರಯಾಣ ಸುಖಕರವಾಗಿರಲಿ ಎಂದು ಹಾರೈಸಿ ಇಟ್ಟಳು.

ಆ ಊರಿನ ಮುಖ್ಯ ಬೀದಿಯಲ್ಲಿ ಅದೇ ಹೆಸರಿನ, ಅದೇ ಹಸಿರು ಬೋರ್ಡಿನ ಬ್ಯಾಂಕು ಇತ್ತು. ಗಂಡಹೆಂಡತಿ ಅಲ್ಲಿಗೆ ಹೋದರು. ಗುಮಾಸ್ತ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಬೋರ್ಡ್ ಒಂದೇ, ಬ್ಯಾಂಕ್ ಬೇರೆ. ಅದು ಅಕ್ಕ, ನಾವು ತಂಗಿ."

"ಅಕ್ಕನಿಗೆ ಒಂದು ಫೋನ್ ಮಾಡಿ ಹೇಳಿ ಮತ್ತೆ" ಎಂದರು ಅತ್ತಿಗೆ.

"ಮಾತುಕತೆ ಇಲ್ಲಮ್ಮ" ಎಂದ ಗುಮಾಸ್ತ, ಮನೆಯ ವಿಷಯ ಹೇಳುವವನಂತೆ ದನಿ ತಗ್ಗಿಸಿ.

ಇನ್ನು ಉಳಿದದ್ದು ಹಲ್ಲು ಸರಿಮಾಡಿಸುವುದೊಂದೇ. ಎರಡು ಬೀದಿ ಆಚೆ ಒಂದು ಹಲ್ಲಿನ ಕ್ಲಿನಿಕ್ಕು ಸಿಕ್ಕಿತು. ಒಳಗೆ ಅಚ್ಚುಕಟ್ಟಾದ ಕೆಲಸದ ಮೇಜು, ಸೆಟ್ಟು ಬೆಸೆಯುವ ಅಕ್ರಿಲಿಕ್ಕಿನ ಪುಡಿ, ದ್ರವ, ಉಜ್ಜುವ ಚಕ್ರ. ಅದನ್ನು ನೋಡಿಯೇ ದವಡೆಯಣ್ಣನಿಗೆ ತವರು ಕಂಡಂತಾಯಿತು. ಅಲ್ಲಿಯ ಡಾಕ್ಟರಮ್ಮ ಹೋಳುಗಳನ್ನು ಬೆಳಕಿಗೆ ಹಿಡಿದು, "ಯಾರು ಮಾಡಿದ್ದು? ತುಂಬಾ ಚೆನ್ನಾಗಿದೆ. ಈ ಓರೆ ಹಲ್ಲೊಂದು ತಪ್ಪಾಗಿದೆ, ಅಷ್ಟೇ" ಎಂದಳು. ಅವರು ಅವಮಾನವನ್ನು ನುಂಗಿಕೊಂಡರು. ರಿಪೇರಿಗೆ ಮೂರು ದಿನ, ದುಡ್ಡು ಮುಂಗಡ.

"ಮೇಜು ಒಂದು ಗಂಟೆ ಕೊಡಿ. ನಾನೇ ಮಾಡ್ಕೊಳ್ತೀನಿ. ನನ್ನ ಕಸುಬೇ ಇದು."

"ನೀವು ಪ್ರವಾಸಕ್ಕೆ ಬಂದವರಲ್ವಾ? ಪ್ರವಾಸಿಗಳು ಇಲ್ಲಿ ಕೆಲಸ ಮಾಡೋ ಹಾಗಿಲ್ಲ. ನನ್ನ ಲೈಸೆನ್ಸ್ ಹೋಗುತ್ತೆ."

"ನನ್ನ ಹಲ್ಲಮ್ಮ ಅದು."

"ಬಾಯೊಳಗಿದ್ರೆ ನಿಮ್ಮ ಹಲ್ಲು. ಮೇಜಿನ ಮೇಲಿದ್ರೆ ಅದು ಕೆಲಸ."

ಕಸುಬಿನ ಮಾತು. ದವಡೆಯಣ್ಣ ಹೋಳುಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಬಂದರು. ಆ ದಿನ ಅವರು ಎರಡೂ ಅರ್ಥದಲ್ಲಿ ಪರದೇಶಿಯಾಗಿದ್ದರು. ಬುತ್ತಿಯಲ್ಲಿ ಉಳಿದಿದ್ದ ಬ್ರೆಡ್ಡನ್ನು ಅತ್ತಿಗೆ ನೀರಲ್ಲಿ ನೆನೆಸಿ ಕೊಟ್ಟರು. ರೂಮಿನ ಯಜಮಾನಿ ಮೆಟ್ಟಿಲ ಬಳಿ ಎದುರಾದಾಗಲೆಲ್ಲ ಇಬ್ಬರೂ ಸಮುದ್ರದ ಅಂದಚೆಂದವನ್ನು ಬೇಡದಷ್ಟು ಹೊಗಳಿದರು.

ಮಾರನೆಯ ಬೆಳಗ್ಗೆ ದವಡೆಯಣ್ಣ ಫೋನ್ ಹಿಡಿದು, ತುಟಿಯನ್ನು ಬಿಗಿ ಹಿಡಿದು, ಕನ್ನಡಿಯ ಮುಂದೆ ವಾಕ್ಯವನ್ನು ಅಭ್ಯಾಸ ಮಾಡಿದರು. ಯಂತ್ರಕ್ಕೆ ಎರಡು ಸಲ ಹೇಳಿದರು. ಎರಡು ಸಲವೂ ನೀವು ನೀವಲ್ಲ ಎಂದಿತು. ಉಳಿದದ್ದು ಒಂದೇ ಸಲ. ಅವರು ಮಂಚದ ಮೇಲೆ ಬಂದು ಕೂತರು.

ಅತ್ತಿಗೆ ಫೋನನ್ನು ಅವರ ಕೈಯಿಂದ ತೆಗೆದುಕೊಂಡರು. ಬೆನ್ನು ಸ್ವಲ್ಪ ಬಾಗಿಸಿದರು, ಗದ್ದ ಎದೆಗಿಳಿಸಿದರು, ಗಂಟಲು ಸರಿಮಾಡಿಕೊಂಡರು.

"ಅದೇನಂದ್ರೆ," ಎಂದರು, "ನಾನು ನಾನೇ, ನನ್ನ ಧ್ವನಿಯೇ ನನ್ನ ಸಹಿ."

ಮಂಚದ ಮೇಲಿದ್ದ ದವಡೆಯಣ್ಣ ಬೆಚ್ಚಿ ಹಿಂದೆ ಸರಿದರು. ಕೋಣೆಯಲ್ಲಿ ಇನ್ನೊಬ್ಬ ದವಡೆಯಣ್ಣ ಇದ್ದ, ಹಲ್ಲಿರುವವನು.

"ಸ್ವಾಗತ" ಎಂದಿತು ಯಂತ್ರ. "ನೀವು ನೀವೇ."

ಲೈನಿಗೆ ಬಂದದ್ದು ನಿನ್ನೆಯ ಹುಡುಗಿಯೇ. "ಗಂಟಲು ಸರಿಹೋಯ್ತಾ ಸರ್? ಕೊನೆಯದಾಗಿ ಒಂದು ಪ್ರಶ್ನೆ. ನಿಮ್ಮ ಹೆಂಡತಿ ಹುಟ್ಟಿದ ತಾರೀಕು?"

ಇದು ಅತ್ತಿಗೆಗೆ ನೀರು ಕುಡಿದಷ್ಟು ಸುಲಭ. "ಒಂಬತ್ತು" ಎಂದರು ಗಂಡನ ದನಿಯಲ್ಲಿ.

ಆ ಕಡೆ ಕೀಲಿಮಣೆ ಟಕಟಕ ಎಂದಿತು. "ಇನ್ನೊಂದು ಸಲ ಯೋಚನೆ ಮಾಡಿ ಸರ್. ಇಲ್ಲಿ ಬೇರೆ ಇದೆ."

ಅತ್ತಿಗೆ ಫೋನಿಗೆ ಅಂಗೈ ಮುಚ್ಚಿ ಗಂಡನತ್ತ ನೋಡಿದರು. ದವಡೆಯಣ್ಣನ ಮುಖ ಕೆಂಪೇರಿತ್ತು. ಅವರು ನಿಧಾನವಾಗಿ ಎರಡೂ ಕೈಯ ಹತ್ತು ಬೆರಳು ಎತ್ತಿದರು. ಒಂದು ಕೈ ಇಳಿಸಿ ಮತ್ತೆ ಐದು ಬೆರಳು ತೋರಿಸಿದರು.

"ಹದಿನೈದು" ಎಂದರು ಅತ್ತಿಗೆ. ಆ ಒಂದು ಮಾತಿನಲ್ಲಿ ದನಿ ಸ್ವಲ್ಪ ಅತ್ತಿಗೆಯದೇ ಆಗಿತ್ತಂತೆ.

"ಸರಿ ಸರ್. ಗಂಡಸರು ಇದನ್ನ ಮೊದಲನೇ ಸಲಕ್ಕೇ ಸರಿಯಾಗಿ ಹೇಳಿಬಿಟ್ರೆ ನಮಗೆ ಅನುಮಾನ" ಎಂದಳು ಹುಡುಗಿ. "ಕಾರ್ಡ್ ತೆರೆದಿದ್ದೀನಿ. ನಿಮ್ಮ ಇವತ್ತಿನ ಧ್ವನಿ ತುಂಬಾ ಸ್ಪಷ್ಟವಾಗಿದೆ. ಹಳೇದನ್ನ ತೆಗೆದು ಇದನ್ನೇ ಇಟ್ಕೊಳ್ತೀವಿ."

ಫೋನ್ ಇಟ್ಟ ಮೇಲೆ ಅತ್ತಿಗೆ ಕೇಳಿದರು: "ಹದಿನೈದಕ್ಕೆ ಯಾರು ರೀ ಹುಟ್ಟಿದ್ದು?"

"ಯಾರೂ ಇಲ್ಲ ಕಣೇ. ಬ್ಯಾಂಕಿನ ಫಾರಂ ತುಂಬಿದಾಗ ಮದುವೆಯಾಗಿ ಎರಡು ವಾರ. ನಿನ್ನನ್ನ ಕೇಳೋಕೆ ನಾಚಿಕೆ ಆಯ್ತು."

"ಆಮೇಲೆ ಸರಿಮಾಡಿಸಬಹುದಿತ್ತಲ್ಲ."

"ಅದಕ್ಕೆ ಒಂದು ಅರ್ಜಿ, ಎರಡು ಸಾಕ್ಷಿ."

ಅತ್ತಿಗೆ ಮುಖ ತಿರುಗಿಸಿ ಕಿಟಕಿಯ ಕಡೆ ಹೋದರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದು ದವಡೆಯಣ್ಣ ಗಾಬರಿಯಾಗಿ ಎದ್ದು ಹೋದರೆ, ಅವರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

ಎಟಿಎಂ ಈ ಸಲ ಮರುಮಾತಿಲ್ಲದೆ ದುಡ್ಡು ಕೊಟ್ಟಿತು. ರಿಪೇರಿಗೆ ಮೂರು ದಿನ ಕಾದರೆ ರಜವೇ ಮುಗಿಯುತ್ತದೆಂದು ಹಲ್ಲನ್ನು ಹಾಗೇ ಬಿಟ್ಟು, ಇಬ್ಬರೂ ದಡದಲ್ಲಿ ನಡೆದರು. ಬಹಳ ದೂರ ಹೋದ ಮೇಲೆ ದವಡೆಯಣ್ಣ ಕೇಳಿದರು: "ನಾನು ಹಾಗೇ ಮಾತಾಡ್ತೀನಾ? ಅಷ್ಟು ದಣಿದವನ ಹಾಗೆ?"

"ಹೊರಗಿನವರ ಹತ್ತಿರ ಹಾಗೆ" ಎಂದರು ಅತ್ತಿಗೆ.

"ಮನೇಲಿ?"

"ಮನೇಲಿ ನೀವು ಮಾತಾಡಿದ್ರೆ ತಾನೇ ನಾನು ಕಲಿಯೋದು."

ಈ ಮಾತನ್ನು ದವಡೆಯಣ್ಣ ನನಗೆ ಹೇಳುವಾಗ ಕೈಯಲ್ಲಿದ್ದ ಮೇಣದ ಚಾಕನ್ನು ಕೆಳಗಿಟ್ಟಿದ್ದರು. ಉಳಿದ ದಿನಗಳಲ್ಲಿ ಹಲ್ಲಿಲ್ಲದ ಬಾಯಲ್ಲೇ ಅವರು ವಟವಟ ಮಾತಾಡಿದರಂತೆ. ಚಿಕ್ಕಂದಿನ ಸಂಗತಿ, ಅವರಪ್ಪ ಮನೆಯ ಗಡಿಯಾರ ಬಿಚ್ಚಿ ಕೂಡಿಸಲಾರದೆ ಹೋದದ್ದು, ಮೊದಲ ಸಲ ಇಲ್ಲಿಗೆ ಬಂದಿಳಿದಾಗ ಬಸ್ಸಿನ ಬಾಗಿಲು ತಾನೇ ತೆರೆಯಿತೆಂದು ಹೆದರಿದ್ದು. ಅರ್ಧ ಅತ್ತಿಗೆಗೆ ಅರ್ಥವಾಗಲಿಲ್ಲ, ಆದರೂ ತಡೆಯಲಿಲ್ಲ.

ವಾಪಸು ಬಂದ ಮಾರನೆಯ ದಿನವೇ ದವಡೆಯಣ್ಣ ಲ್ಯಾಬಿನಲ್ಲಿ ಕೂತು ಸೆಟ್ಟು ಸರಿಮಾಡಿಕೊಂಡರು. ಓರೆ ಹಲ್ಲನ್ನು ಓರೆಯಾಗಿಯೇ ಉಳಿಸಿಕೊಂಡರು. ಎಲ್ಲ ಮುಗಿಯಿತೆಂದುಕೊಂಡು ಹೊಸ ವಿಳಾಸ ಕೊಡಲು ಬ್ಯಾಂಕಿಗೆ ಫೋನ್ ಮಾಡಿದರೆ, ಗಟ್ಟಿ ಹಲ್ಲಿನ, ಗಟ್ಟಿ ದನಿಯ ಅವರಿಗೆ ಯಂತ್ರ ಹೇಳಿತು: "ಕ್ಷಮಿಸಿ. ನೀವು ನೀವಲ್ಲ."

ನಿವಾಸದ ಕಾರ್ಡು ಹಿಡಿದು ಶಾಖೆಗೇ ಹೋದರು. ಕೌಂಟರಿನವರು ಮರ್ಯಾದೆಯಿಂದ ಕೂರಿಸಿ ನೀರು ಕೊಟ್ಟರು. ಧ್ವನಿ ಬದಲಾಯಿಸಬೇಕೆಂದರೆ ಫೋನಿನಲ್ಲೇ ಕೇಳಬೇಕು, ಕೇಳುವ ಧ್ವನಿ ಈಗ ದಾಖಲೆಯಲ್ಲಿರುವುದೇ ಆಗಿರಬೇಕು ಎಂದರು. ಸರಿ, ಅತ್ತಿಗೆಯಿಂದಲೇ ಕೇಳಿಸಿದರು. ಯಂತ್ರ ಅತ್ತಿಗೆಯನ್ನು ಕೂಡಲೇ ಗುರುತಿಸಿತು, ಹೊಸ ಧ್ವನಿ ಕೊಡಿ ಎಂದಿತು. ದವಡೆಯಣ್ಣ ಮುಂದೆ ಬಾಗಿ ಮಾತಾಡಿದರು. "ಬೇರೆ ಯಾರೋ ಮಾತಾಡುತ್ತಿದ್ದಾರೆ. ನಿಮ್ಮ ಸುರಕ್ಷತೆಗಾಗಿ ಕರೆ ನಿಲ್ಲಿಸುತ್ತಿದ್ದೇವೆ" ಎಂದು ಯಂತ್ರ ಲೈನು ಕತ್ತರಿಸಿತು.

ಒಂದು ತಿಂಗಳು ಅತ್ತಿಗೆ ಅಡುಗೆಮನೆಯ ಮೇಜಿನ ಮುಂದೆ ಕೂತು ಗಂಡನಿಗೆ ಗಂಡನ ದನಿಯನ್ನು ಕಲಿಸಿದರು. ಗದ್ದ ಇಳಿಸಿ, ಕೊನೆಯ ಅಕ್ಷರ ನುಂಗಬೇಡಿ, ಇನ್ನೂ ಬೇಜಾರಾಗಿ ಹೇಳಿ ಎಂದು ತಿದ್ದಿದರು. ಆದರೆ ರಜದಿಂದ ಬಂದ ಮೇಲೆ ಅವರ ಮಾತಿನಲ್ಲಿ ಮೊದಲಿನ ಬೇಜಾರು ಇರಲಿಲ್ಲ. ಎಷ್ಟು ಪ್ರಯತ್ನಪಟ್ಟರೂ ಬರಲಿಲ್ಲ.

"ಬಿಡಿ, ನಿಮ್ಮಿಂದ ಆಗಲ್ಲ" ಎಂದರು ಅತ್ತಿಗೆ.

ಈಗ ಆರು ವರ್ಷವಾಯಿತು. ಬ್ಯಾಂಕಿನ ಫೋನೆಲ್ಲ ಅತ್ತಿಗೆಯದೇ. ಎರಡು ತಿಂಗಳಿಗೊಮ್ಮೆ ಭಾನುವಾರದ ಬೆಳಗ್ಗೆ ಬೆನ್ನು ಬಾಗಿಸಿ ಕೂತು, ದಣಿದ ಗಂಡಸಿನ ದನಿಯಲ್ಲಿ ವಿಚಾರಿಸಬೇಕಾದದ್ದನ್ನೆಲ್ಲ ವಿಚಾರಿಸುತ್ತಾರೆ. ಆ ದನಿ ಎಳೆಯುವುದು ಸುಲಭವಲ್ಲ, ಮುಗಿಯುವ ಹೊತ್ತಿಗೆ ಗಂಟಲು ಉರಿಯುತ್ತದೆ. ಅಷ್ಟರಲ್ಲಿ ದವಡೆಯಣ್ಣ ಒಲೆಯ ಮುಂದೆ ನಿಂತು, ಯಾವುದೋ ಹಳೆಯ ಸಂಗತಿಯನ್ನು ಅರ್ಧಕ್ಕೆ ನಿಲ್ಲಿಸಿಕೊಂಡು, ಒಂದು ಲೋಟ ನೀರು ಬಿಸಿಮಾಡಿ ಇಟ್ಟಿರುತ್ತಾರೆ.