ತತ್ತಿ ತೊಳೆಯದ ಉಡಚಮ್ಮ

ಹಿಟ್ನಾಳದ ಹೊರಗಿರುವ ಆ ಕೋಳಿಹಟ್ಟಿಯಲ್ಲಿ ಹುಂಜಗಳು ಉಡಚಮ್ಮನನ್ನು ಎಬ್ಬಿಸುವುದಿಲ್ಲ. ಉಡಚಮ್ಮನೇ ಹುಂಜಗಳನ್ನು ಎಬ್ಬಿಸುತ್ತಾಳೆ. ಮೂಡಣ ಕೆಂಪಾಗುವ ಮೊದಲೇ ತಟ್ಟಿಬಾಗಿಲು ಸರಿಸಿ, "ಏಳ್ರೋ ಸೋಮಾರಿಗಳಾ, ಕೂಗೋ ಕೆಲಸಾನೂ ನಾನ ಮಾಡ್ಲೇನು?" ಎಂದು ಗದರುತ್ತಾಳೆ. ಮುನ್ನೂರ ಇಪ್ಪತ್ತು ಕೋಳಿಗಳು ಕಾಲಿಗೆ ಮುತ್ತಿಕೊಳ್ಳುತ್ತವೆ. ಮೊರದ ಜೋಳದ ನುಚ್ಚನ್ನು ಅಂಗಳಕ್ಕೆ ಚೆಲ್ಲಿ, ಅವು ಅದರಲ್ಲಿ ಮೈಮರೆತಾಗ ಈಕೆ ಗೂಡುಗಳಿಗೆ ಕೈ ಹಾಕುತ್ತಾಳೆ. ದಿನಕ್ಕೆ ನೂರರ ಆಸುಪಾಸು ತತ್ತಿ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಹೊಟ್ಟು ಹಾಸಿದ ಬುಟ್ಟಿಗಿಡುತ್ತಾಳೆ.

"ಕೆಲವು ಕಳ್ಳ ಕೋಳಿ ಅದಾವರಿ. ಮೂಲ್ಯಾಗ ಇಟ್ಟು ಮುಚ್ಚಿರತಾವ. ಎಷ್ಟು ದಿನದ್ದೋ ಏನೋ! ಕೆಟ್ಟಿದ್ರ ಒಳಗ ಬಳಕ್ ಅಂತೈತಿ, ಛಲೋದಿದ್ರ ಸುಮ್ಮನಿರತೈತಿ" ಎನ್ನುತ್ತಾಳೆ, ಕಿವಿಯಿಂದ ತತ್ತಿ ತೆಗೆಯದೆಯೇ.

ಇಪ್ಪತ್ನಾಲ್ಕು ವರ್ಷದ ಉಡಚಮ್ಮ ಬೆಳೆದದ್ದೇ ಈ ಹಟ್ಟಿಯಲ್ಲಿ. ಹಟ್ಟಿ ಕಟ್ಟಿದವನು ಮದಾರಸಾಬ. ಊರಿನವರೆಲ್ಲ ನಾಲ್ಕಾರು ಕೋಳಿ ಸಾಕುತ್ತಿದ್ದ ಕಾಲದಲ್ಲಿ ಅವನು ಇನ್ನೂರು ಸಾಕಿ, ತತ್ತಿ ಮಾರಿ ಬದುಕುತ್ತೇನೆಂದಾಗ ಜನ ನಕ್ಕಿದ್ದರು. ಅವನ ಬಳಿ ದುಡಿಯುತ್ತಿದ್ದ ಮಾರೆಪ್ಪನ ಮಗಳು ಈಕೆ. ಶಾಲೆಯ ಮುಖ ಕಾಣಲಿಲ್ಲ. ಮೈತುಂಬ ಕೋಳಿಹೇನು ಹತ್ತಿ, ರಾತ್ರಿಯೆಲ್ಲ ತುರಿಸಿಕೊಂಡು ಅತ್ತದ್ದುಂಟು. ಕೊಕ್ಕರೆ ರೋಗ ಬಂದು ಒಂದೇ ವಾರದಲ್ಲಿ ಅರ್ಧ ಹಟ್ಟಿ ಬರಿದಾದದ್ದನ್ನೂ ಕಂಡಿದ್ದಾಳೆ. ಇಷ್ಟಾದರೂ ಅವಳು ಬಾಲ್ಯದ ಮಾತೆತ್ತಿದರೆ ಮೊದಲು ನಗುವುದು ತನ್ನದೇ ಒಂದು ಪೆದ್ದುತನಕ್ಕೆ.

ಆಗ ಅವಳಿಗೆ ಹತ್ತು ವರ್ಷ. ಹೊಸಪೇಟೆಯ ವ್ಯಾಪಾರಿಗೆ ಇನ್ನೂರು ತತ್ತಿ ಹೋಗಬೇಕಿತ್ತು. ಹಿಕ್ಕೆ ಹತ್ತಿದ ತತ್ತಿ ಕೊಟ್ಟರೆ ಮರ್ಯಾದೆಯೇ ಎಂದುಕೊಂಡ ಹುಡುಗಿ ಅಷ್ಟನ್ನೂ ಅಂಟುವಾಳದ ನೊರೆಯಲ್ಲಿ ತಿಕ್ಕಿ ತೊಳೆದಳು. ಮದಾರಸಾಬನೂ ಅದರ ಹೊಳಪಿಗೆ ಮರುಳಾಗಿ ಬೆನ್ನು ತಟ್ಟಿದ. ವಾರದೊಳಗೆ ಇಡೀ ಬುಟ್ಟಿ ನಾರುತ್ತ ವಾಪಸು ಬಂತು. ತಳದಲ್ಲಿ ತೊಳೆಯಲು ಮರೆತಿದ್ದ ನಾಲ್ಕು ಮಾತ್ರ ತಾಜಾ ಇದ್ದವು.

"ಮದಾರಸಾಬ ಕಾಕಾ ಹೊಡೀಲಿಲ್ರಿ. ತಿಪ್ಪಿ ಮುಂದ ಕುಂದರಿಸಿ, ಒಂದೊಂದ ಅಲ್ಲಾಡಿಸಿ ಕೇಳು, ಒಡದು ಮೂಸು ಅಂದ್ರು. ಹೊಡದಿದ್ರ ಮರತುಬಿಡ್ತಿದ್ನಿ, ಆ ವಾಸನಿ ಹ್ಯಾಂಗ ಮರೀಲಿ? ತತ್ತಿ ಮ್ಯಾಲ ಕಣ್ಣಿಗೆ ಕಾಣದಂಥ ಪೊರಿ ಇರತೈತ್ರಿ. ನೀರು ಹಾಕಿದ್ರ ಅದು ಹೋಗತೈತಿ."

ಮದಾರಸಾಬ ಈಗಿಲ್ಲ. ಅವನ ಹೆಂಡತಿ ಖಾಜಾಬೀ ಹಟ್ಟಿಯ ಒಡತಿ, ಉಡಚಮ್ಮ ಅದರ ಕೈಕಾಲು. ಮುನಿರಾಬಾದಿನಲ್ಲಿ ಹೊಳೆಗೆ ಅಣೆಕಟ್ಟು ಕಟ್ಟಲು ಬಂದವರ ಕ್ಯಾಂಪು ಎದ್ದ ಮೇಲೆ ಅಲ್ಲಿಯ ಅಡುಗೆಮನೆಯೇ ಇವರ ದೊಡ್ಡ ಗಿರಾಕಿ. ಎರಡು ಮನೆಯ ಒಲೆ ಉರಿಯುವುದು ಅದರಿಂದ. ಆದರೆ ಹತ್ತು ದಿನದ ಹಿಂದೆ ಹೊರಗಿನವನೊಬ್ಬ ಮುತ್ತಿನಂತೆ ತೊಳೆದ ತತ್ತಿ ತಂದು ತೋರಿಸಿದ್ದಾನೆ. ಅಡುಗೆ ಮೇಸ್ತ್ರಿ ಓಬಳೆಪ್ಪನಿಗೆ ಅದೇ ಹಿಡಿಸಿತು. "ನೀನೂ ತೊಳಕೊಂಡು ತರೂದಾದ್ರ ತಾ, ಇಲ್ಲಾಂದ್ರ ಬ್ಯಾಡ" ಎಂದುಬಿಟ್ಟ.

"ತೊಳಿಯಂಗಿಲ್ರಿ" ಎಂದಳು ಉಡಚಮ್ಮ. "ಅವನವು ಹನ್ನೆರಡು, ನನ್ನವು ಹನ್ನೆರಡು, ಎರಡು ಗಡಿಗ್ಯಾಗ ಇಡ್ರಿ. ಹತ್ತು ದಿನ ಬಿಟ್ಟು ಒಡಿಯೂಣು. ನನ್ನವು ನಾರಿದ್ರ ಈ ಕಡಿ ಮುಖ ಹಾಕಂಗಿಲ್ಲ."

ಇವತ್ತು ಆ ಹತ್ತನೆಯ ದಿನ. ಆಷಾಢದ ಗಾಳಿ, ಜಿಟಿಜಿಟಿ ಹನಿ. ಮುನಿರಾಬಾದಿಗೆ ಹೊರಟ ಗಾಡಿಯಲ್ಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕುಳಿತ ಉಡಚಮ್ಮ ದಾರಿಯುದ್ದಕ್ಕೂ ಗಾಡಿಯವನನ್ನು ಕಾಡಿಸುತ್ತಾಳೆ, ನಗುತ್ತಾಳೆ. ಬುಟ್ಟಿ ಹಿಡಿದ ಬೆರಳು ಮಾತ್ರ ಸಡಿಲಾಗುವುದಿಲ್ಲ. ಅವಳಿಗೆ ಹೆದರಿಕೆಯಾಗಿದೆ.

ಓಬಳೆಪ್ಪ ಮೊದಲು ಹೊಳೆಯುವ ತತ್ತಿಗಳನ್ನು ಒಡೆಯುತ್ತಾನೆ. ಮೂರನೆಯದಕ್ಕೇ ಮೂಗು ಮುಚ್ಚಿಕೊಳ್ಳುತ್ತಾನೆ. ಹನ್ನೆರಡರಲ್ಲಿ ಏಳು ಕೆಟ್ಟಿವೆ. ಉಡಚಮ್ಮನ ಗಡಿಗೆಗೆ ಕೈ ಹಾಕುವಷ್ಟರಲ್ಲಿ ಅವಳೇ ತಡೆಯುತ್ತಾಳೆ. ಒಂದೊಂದನ್ನೂ ಕಿವಿಗೆ ಹಿಡಿದು ನೋಡಿ, ಎಂಟನೆಯದನ್ನು ಪಕ್ಕಕ್ಕಿಡುತ್ತಾಳೆ. ಮುಖ ಸಣ್ಣದಾಗಿದೆ.

"ಇದು ಕೆಟ್ಟೈತ್ರಿ. ಕಳ್ಳ ಕೋಳೀದು. ಅವತ್ತು ಗಡಿಬಿಡ್ಯಾಗ ಕೇಳೂದು ಬಿಟ್ಟೀನಿ. ತಪ್ಪು ನಂದು."

ಓಬಳೆಪ್ಪ ಅದನ್ನೇ ಮೊದಲು ಒಡೆಯುತ್ತಾನೆ. ನಾರುತ್ತದೆ. ಉಳಿದ ಹನ್ನೊಂದನ್ನೂ ಒಡೆಯುತ್ತಾನೆ. ಬೋಗುಣಿಯಲ್ಲಿ ಹನ್ನೊಂದು ತತ್ತಿಯ ಹಳದಿ ದುಂಡಗೆ ನಿಂತಿದೆ. ಅವನು ಅವಳನ್ನೂ ಬೋಗುಣಿಯನ್ನೂ ನೋಡಿ, "ನಾಳಿಂದ ಇನ್ನ ಇಪ್ಪತ್ತು ಜಾಸ್ತಿ ತಾರವಾ. ಹಿಕ್ಕಿ ಆದ್ರೂ ಒರಸ್ಕೊಂಡು ಬಾ" ಎನ್ನುತ್ತಾನೆ.

"ಒಣಾ ಅರಿವೀಲೆ ಒರಸ್ತೀನ್ರಿ. ನೀರು ಮಾತ್ರ ಮುಟ್ಟಸಂಗಿಲ್ಲ."

ಸಂಜೆ ಹಟ್ಟಿಯ ಬಾಗಿಲಲ್ಲೇ ಖಾಜಾಬೀ ಕಾಯುತ್ತಿದ್ದಾಳೆ. ಖಾಲಿ ಬುಟ್ಟಿ ಕಂಡು ಅರ್ಧ ಉಸಿರು ಬಿಡುತ್ತಾಳೆ. "ಎಷ್ಟು ಕೆಟ್ಟಿದ್ವು ಬೇಟಿ?"

"ಒಂದು."

"ಅದೊಂದಾದ್ರೂ ಯಾಕ? ಅವರಿದ್ದಿದ್ರ ಏನಂತಿದ್ರು?"

ಉಡಚಮ್ಮ ಬುಟ್ಟಿಯನ್ನು ಕೆಳಗಿಳಿಸಿ, ಮದಾರಸಾಬ ತನ್ನನ್ನು ಕೂರಿಸಿದ್ದ ತಿಪ್ಪೆಯ ಕಡೆ ಒಮ್ಮೆ ನೋಡುತ್ತಾಳೆ.

"ಕೆಟ್ಟದ್ದು ಯಾವ್ದು ಅಂತ ಒಡಿಯೂದಕ್ಕ ಮೊದಲ ನಾನ ಹೇಳಿದ್ನಿ, ಕಾಕಿ."