ಕಸ್ತೂರಿ ಬಿಟ್ಟ ಒಂದು ಮನೆ

ಹೋದ ರವಿವಾರ ಬೆಳಿಗ್ಗೆ ತಾಂಬಾದ ಶಿವಲಿಂಗಪ್ಪನವರು ಸಿಂದಗಿಯ ನಮ್ಮ ಮನೆಯ ಬಾಗಿಲಲ್ಲಿ ಬಂದು ನಿಂತರು. ತಲೆಗೆ ರುಮಾಲು, ಹೆಗಲಿಗೆ ಶೇಂಗಾ ಚೀಲ, ಮುಖದಲ್ಲಿ ನಗುವಿಲ್ಲ. ನಾನು ಒಳಕೋಣೆಯಿಂದಲೇ ‘ಇಲ್ಲ ಅಂತ ಹೇಳು’ ಎಂದು ಹೆಂಡತಿಗೆ ಕೈಸನ್ನೆ ಮಾಡಿದೆ. ಆಕೆ ಮುದ್ದೇಬಿಹಾಳದವಳು. ಸನ್ನೆಗಿನ್ನೆಗೆ ಬಗ್ಗುವ ಪೈಕಿ ಅಲ್ಲ.

“ಒಳಗ ಅದಾರ್ರಿ, ಬರ್ರಿ” ಎಂದು ಬಾಗಿಲು ಪೂರ್ತಿ ತೆರೆದೇಬಿಟ್ಟಳು.

ಒಬ್ಬ ಕಾಲೇಜು ಮಾಸ್ತರ ಒಬ್ಬ ರೈತನಿಗೆ ಅಂಜಿ ಅಡಗಿಕೊಳ್ಳುವುದೆಂದರೇನು? ಎಲ್ಲ ಒಂದು ರಿಪೋರ್ಟಿನ ಸಲುವಾಗಿ.

ನಾನು ಸಮಾಜಶಾಸ್ತ್ರ ಕಲಿಸುವವನೆಂದು ನಿಮಗೆ ಗೊತ್ತೇ ಇದೆ. (ಗೊತ್ತಿಲ್ಲದವರು ಪುಣ್ಯವಂತರು.) ಈ ವರ್ಷ ಬಿ.ಎ. ಕೊನೆಯ ವರ್ಷದವರಿಗೆ ನಾನೊಂದು ಹೊಸ ತಲೆನೋವು ಹಚ್ಚಿದೆ. ಒಂದು ಊರಿನ ಒಂದು ಓಣಿ ಹಿಡಿದು, ಮನೆಮನೆಗೆ ಹೋಗಿ ವಿಚಾರಿಸಿ, ಕಂಡದ್ದನ್ನು ವರದಿಯಾಗಿ ಬರೆಯಬೇಕು. ಮೋರಟಗಿಯ ಕಸ್ತೂರಿ ಎಂಬ ಹುಡುಗಿ ಆರಿಸಿಕೊಂಡ ವಿಷಯ, ಹೆಣ್ಣುಮಕ್ಕಳು ನಾಲ್ಕನೇ ಇಯತ್ತೆಗೇ ಶಾಲೆ ಬಿಡುವುದೇಕೆ ಎಂಬುದು. ಆರಿಸಿಕೊಂಡ ಊರು ತಾಂಬಾ. ಅಲ್ಲಿ ಅವಳ ದೊಡ್ಡಪ್ಪನ ಮನೆಯಿದೆ, ಉಳಿದುಕೊಳ್ಳಲು ಅನುಕೂಲ. ಆ ದೊಡ್ಡಪ್ಪನೇ ಈ ಶಿವಲಿಂಗಪ್ಪನವರು.

ಕಸ್ತೂರಿಗೆ ತಂದೆ ಇಲ್ಲ. ಎಂ.ಎ. ಮಾಡಲು ಧಾರವಾಡಕ್ಕೆ ಹೋಗಬೇಕೆಂಬುದು ಅವಳ ಆಸೆ. ಅದಕ್ಕೆ ಒಳ್ಳೆಯ ವರದಿ ಬೇಕು, ಅದು ನನ್ನ ಕೈಯಲ್ಲಿತ್ತು. ದೊಡ್ಡಪ್ಪನ ಹೂಂ ಬೇಕು, ಅದು ಅವರ ಕೈಯಲ್ಲಿತ್ತು.

ಮೊದಲ ಸಲ ಅವಳು ತಂದ ವರದಿ ಹೀಗೆ ಶುರುವಾಗಿತ್ತು: ‘ಪ್ರಕೃತಿ ಮಾತೆಯ ಹಸಿರು ಮಡಿಲಲ್ಲಿ ಪವಡಿಸಿರುವ ತಾಂಬಾ ಗ್ರಾಮವು...’ ಹಸಿರು ಮಡಿಲು! ನಮ್ಮ ಎರೆ ಹೊಲಗಳಲ್ಲಿ, ಅದೂ ಬೇಸಿಗೆಯಲ್ಲಿ! ಮುಂದಿನ ಪುಟಗಳಲ್ಲಿ ಊರಿನ ಇತಿಹಾಸ, ಜನರ ಔದಾರ್ಯ, ಯಾರ ಮನೆಯಲ್ಲಿ ಚಹಾ ಕೊಟ್ಟರು, ಯಾರು ಚುರುಮುರಿ ಕೊಟ್ಟರು. ಹೆಣ್ಣುಮಕ್ಕಳ ಶಾಲೆಯ ಮಾತು ಬಂದದ್ದು ಕೊನೆಗೆ. ಅದರ ಬೆನ್ನಿಗೇ ಮುಕ್ತಾಯ: ‘ಒಟ್ಟಿನಲ್ಲಿ ತಾಂಬಾದ ಜನ ಬಹಳ ಒಳ್ಳೆಯವರು.’

ನಗಬೇಡಿ. ನಮ್ಮ ಜಿಲ್ಲೆಯ ಇಂಡಿಯಿಂದ ಬಾಗೇವಾಡಿಯವರೆಗೆ ನಾವೆಲ್ಲ ಮಾಡುವುದು ಇದನ್ನೇ ಅಲ್ಲವೇ? ಬಂದವರಿಗೆ ಮೊದಲು ನೀರು, ಆಮೇಲೆ ಚಹಾ, ಆಮೇಲೆ ಮಳೆಬೆಳೆ. ಎದ್ದು ಚಪ್ಪಲಿ ಮೆಟ್ಟುವಾಗ, ‘ಅಂದಂಗ ಬಂದ ಕೆಲಸ ಏನಂದ್ರ...’ ಕಸ್ತೂರಿಯ ವರದಿಯೂ ಚಪ್ಪಲಿ ಮೆಟ್ಟಿಕೊಂಡೇ ವಿಷಯಕ್ಕೆ ಬಂದಿತ್ತು, ಅಷ್ಟೇ.

ನಾನು ಕೆಂಪು ಪೆನ್ಸಿಲ್ ಹಿಡಿದು ಮಡಿಲನ್ನೂ ಚುರುಮುರಿಯನ್ನೂ ಹೊಡೆದುಹಾಕಿದೆ. ಕಂಡದ್ದನ್ನು ಬರಿ, ಹೇಗೆ ಕಂಡಿ ಅದನ್ನು ಬರಿ, ಕಾಣದ್ದನ್ನು ಕಂಡಿಲ್ಲ ಅಂತ ಬರಿ ಎಂದೆ. ಹುಡುಗಿ ಜಾಣೆ. ಎರಡನೇ ಸಲ ತಂದದ್ದು ಬೇರೆಯೇ ವರದಿ. ಮೊದಲ ಸಾಲಿನಲ್ಲೇ ವಿಷಯ. ಓಣಿಯ ನಕಾಶೆಯನ್ನೂ ತೆಗೆದಿದ್ದಳು, ಪ್ರತಿ ಮನೆಗೂ ಒಂದು ನಂಬರು. ಓದುತ್ತ ಖುಷಿಯಾಯಿತು. ಆದರೆ ಬೇವಿನ ಗಿಡದ ಪಕ್ಕದ ಒಂದು ಮನೆಗೆ ಮಾತ್ರ ನಂಬರು ಇರಲಿಲ್ಲ.

ಇದು ಯಾರ ಮನೆ ಎಂದು ಕೇಳಿದೆ.

“ನಮ್ಮ ದೊಡ್ಡಪ್ಪಂದ್ರಿ ಸರ. ಅಲ್ಲೇ ಇದ್ನೆಲ್ರಿ. ಉಂಡ ಮನಿ ಜಂತಿ ಎಣಸಬಾರದು ಅಂತಾರ.”

ಈ ಗಾದೆ ನಮಗೆ ಯಾರಿಗೆ ಗೊತ್ತಿಲ್ಲ? ಉಂಡ ಮೇಲೆ ತಲೆ ಎತ್ತಿ ಮಾಳಿಗೆಯ ತೊಲೆ ಎಣಿಸಬಾರದು, ಅಂದರೆ ಆ ಮನೆಯ ಹುಳುಕು ಎತ್ತಬಾರದು. ದೊಡ್ಡಪ್ಪನ ಮಗಳು ಗೌರಿ ನಾಲ್ಕನೇ ಇಯತ್ತೆಯಲ್ಲಿ ಮೊದಲ ನಂಬರು ಬಂದವಳಂತೆ. ಅವಳನ್ನೂ ಶಾಲೆ ಬಿಡಿಸಿದ್ದಾರೆ. ಅದನ್ನು ಬರೆದರೆ ದೊಡ್ಡಪ್ಪ ಸಿಟ್ಟಾಗುತ್ತಾರೆ, ಸಿಟ್ಟಾದರೆ ಧಾರವಾಡ ಮುಗಿಯಿತು.

ನಾನು ಆವೇಶದಿಂದ, ವರದಿ ಬರೆಯುವವರಿಗೆ ಜಂತಿ ಎಣಿಸುವುದೇ ಕೆಲಸ, ಉಂಡ ಮನೆ ಬಿಟ್ಟ ವರದಿ ಒಳ್ಳೆಯ ವರದಿ ಹೇಗಾದೀತು ಎಂದು ಭಾಷಣ ಬಿಗಿದೆ. ಮನೆಗೆ ಬಂದು ಹೆಂಡತಿಗೂ ಹೆಮ್ಮೆಯಿಂದ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಆ ಹುಡುಗಿ ಧಾರವಾಡ ತಪ್ಪಿದ್ರ ನೀವೇನು ಹೊತಗೊಂಡು ಹೋಗಿ ಬಿಡವರೇನು?” ಎಂದು ಕೇಳಿದಳು. ಭಾಷಣ ಅಲ್ಲಿಗೇ ಮುಗಿಯಿತು.

ಮರುದಿನ ಕಸ್ತೂರಿಯನ್ನು ಕರೆದು, ಬೇಡ ಬಿಡು ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವಳು ಬರೆದೇ ತಂದಿದ್ದಳು. ನಾಲ್ಕೇ ಸಾಲು.

‘ನಾನು ಉಳಿದುಕೊಂಡಿದ್ದ ಮನೆಯಲ್ಲಿ ಗೌರಿ ಎಂಬ ಹುಡುಗಿ ಇದ್ದಾಳೆ. ನಾಲ್ಕನೇ ಇಯತ್ತೆಯಲ್ಲಿ ಮೊದಲ ನಂಬರು ಬಂದಿದ್ದಳು. ಈಗ ಶಾಲೆಗೆ ಹೋಗುವುದಿಲ್ಲ. ಅಲ್ಲಿ ನಾನು ಉಂಡ ರೊಟ್ಟಿಗಳಲ್ಲಿ ಹೆಚ್ಚಿನವು ಅವಳು ಬಡಿದವು.’

ಒಂದೂ ವಿಶೇಷಣವಿಲ್ಲ. ಕೆಂಪು ಪೆನ್ಸಿಲ್‌ಗೆ ಕೆಲಸವಿಲ್ಲ. ಬೇಡ ಬಿಡು ಎನ್ನಬೇಕೆಂದವನು ‘ಇರಲಿ’ ಎಂದೆ.

ಬೆನ್ನ ಹಿಂದೆ ಬರೆಯುವುದು ಬೇಡ, ದೊಡ್ಡಪ್ಪನ ಮುಂದೆಯೇ ಓದಿ ಬರುತ್ತೇನೆ ಎಂದು ಬಸ್ಸು ಹತ್ತಿ ಹೋದಳು. ಓದಿಯೂ ಬಂದಳು. ದೊಡ್ಡಪ್ಪ ಪೂರ್ತಿ ಕೇಳಿ ಎದ್ದರಂತೆ. ರುಮಾಲು ಸುತ್ತಿಕೊಂಡು ಹೊಲಕ್ಕೆ ಹೋದರಂತೆ. ಆಮೇಲೆ ಸುದ್ದಿಯೇ ಇಲ್ಲ. ಕ್ಲಾಸಿನಲ್ಲಿ ಕಸ್ತೂರಿಯ ಮುಖ ನೋಡಲು ನನಗೇ ಆಗುತ್ತಿರಲಿಲ್ಲ.

ಈಗ ಹೇಳಿ, ಅಂಥವರು ರವಿವಾರ ಬಾಗಿಲಿಗೆ ಬಂದರೆ ನೀವಾದರೂ ಅಡಗುತ್ತಿರಲಿಲ್ಲವೇ?

ಹೆಂಡತಿ ಅವರನ್ನು ಊಟಕ್ಕೆ ಕೂರಿಸಿದಳು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಹೊಟ್ಟೆತುಂಬ ಉಂಡರು. ನಡುನಡುವೆ ತಲೆ ಎತ್ತಿ ಮೇಲೆ ನೋಡುತ್ತಿದ್ದರು. (ನಮ್ಮದು ಬಾಡಿಗೆಯ ಹಳೆಯ ಮಾಳಿಗೆ ಮನೆ.) ಸಿಟ್ಟು ನುಂಗುತ್ತಿದ್ದಾರೆ ಎಂದುಕೊಂಡೆ. ಕೈ ತೊಳೆದು ಬಂದು, ತಮ್ಮ ಮನೆಯ ಬಗ್ಗೆ ಬರೆದದ್ದನ್ನು ಇನ್ನೊಮ್ಮೆ ಓದಿ ಎಂದರು. ಓದಿದೆ.

“ಇದರಾಗ ಒಂದು ತಪ್ಪೈತ್ರಿ ಮಾಸ್ತರ” ಎಂದರು. “ಗೌರಿ ಒಬ್ಬಾಕಿ ಅಲ್ಲ. ಆಕಿ ಅಕ್ಕನ್ನೂ ನಾನ ಸಾಲಿ ಬಿಡಿಸೀನಿ. ಮದಿವ್ಯಾಗಿ ಹೋಗ್ಯಾಳಂತ ಕಸ್ತೂರಿ ಮರತಾಳ. ಅದನ್ನೂ ಬರೀರಿ.”

ಇಷ್ಟು ವರ್ಷ ಎಷ್ಟೋ ವರದಿ ತಿದ್ದಿದ್ದೇನೆ. ತನ್ನ ವಿರುದ್ಧದ ಮಾತು ಕಡಿಮೆ ಬಿದ್ದಿದೆ, ಇನ್ನೊಂದು ಸೇರಿಸಿ ಎಂದು ಹುಡುಕಿಕೊಂಡು ಬಂದವರನ್ನು ಕಂಡಿರಲಿಲ್ಲ. ಕಸ್ತೂರಿಯ ಧಾರವಾಡದ ಮಾತನ್ನೂ ಅವರೇ ತೆಗೆದರು.

“ಹೋಗ್ಲಿ ಬಿಡ್ರಿ. ದೊಡ್ಡಪ್ಪನ ಮುಂದ ಕುಂತು ಓದಿದಾಕಿ, ಧಾರವಾಡದಾಗ ಯಾರಿಗೆ ಅಂಜತಾಳ?”

ಹಾಗಾದರೆ ಗೌರಿ? ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು. ಜೂನ್ ಬರಲಿ, ನೋಡೂಣು ಎಂದರು. ನಮ್ಮ ಕಡೆಯ ‘ನೋಡೂಣು’ ಹೂಂ ಆಗಬಹುದು, ಉಹೂಂ ಆಗಬಹುದು. ವರದಿಯ ನಿಯಮದಂತೆ ‘ನೋಡೂಣು’ ಅಂದರು ಎಂದಷ್ಟೇ ನಿಮಗೆ ಹೇಳುತ್ತೇನೆ.

ಹೊರಟರು. ಚಪ್ಪಲಿ ಮೆಟ್ಟುವಾಗ ಮತ್ತೆ ತಲೆ ಎತ್ತಿ ಮೇಲೆ ನೋಡಿದರು.

“ಮಾಸ್ತರ, ನಡುವಿನ ಜಂತಿಗೆ ಗೆದ್ದಲ ಹತ್ತೇತಿ. ಈ ಮಳಿಗಾಲ ತಡಿಯೂದಿಲ್ಲ. ನಿಮ್ಮ ಮನ್ಯಾಗ ಉಂಡೇನಿ ನೋಡ್ರಿ, ಅದಕ್ಕ ಹೇಳಾಕತ್ತೇನಿ.”

ಹೌದಲ್ಲವೇ? ಉಂಡವರೇ ಹೇಳದಿದ್ದರೆ ಮತ್ಯಾರು ಹೇಳಬೇಕು?